ಹಳೇ ಕಾರಿನ ಸ್ಟೀರಿಯೋದಲ್ಲಿ ಫೋನಿನ ಹಾಡು: ಯಾರಿಗೆ ಯಾವ ದಾರಿ?

ಕಾರು ಚೆನ್ನಾಗಿಯೇ ಓಡುತ್ತಿದೆ. ಎಂಜಿನ್ ಗಟ್ಟಿಯಾಗಿದೆ, ಏಸಿ ತಣ್ಣಗಿದೆ. ಸ್ಟೀರಿಯೋ ಮಾತ್ರ ಹಳೇದು. ಹಾಡೆಲ್ಲ ಫೋನಿನಲ್ಲಿದೆ, ಸ್ಪೀಕರ್ ಬಾಗಿಲಲ್ಲಿದೆ, ಎರಡನ್ನೂ ಜೋಡಿಸುವುದು ಹೇಗೆ ಅನ್ನೋದೇ ತಲೆನೋವು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಕೇಳಿ ನೋಡಿ. ಒಂದು ಅಂಗಡಿಯವರು ಐನೂರು ರೂಪಾಯಿಯ ಎಫ್‌ಎಂ ಟ್ರಾನ್ಸ್‌ಮಿಟರ್ ಕೈಗಿಡುತ್ತಾರೆ. ಪಕ್ಕದವರು ಹತ್ತು ಸಾವಿರದ ಆಂಡ್ರಾಯ್ಡ್ ಸೆಟ್ ಹಾಕಿಸಿಕೊಳ್ಳಿ ಅನ್ನುತ್ತಾರೆ. ಇಬ್ಬರೂ ನಿಮ್ಮ ಕಾರಿನೊಳಗೆ ಒಮ್ಮೆಯೂ ಇಣುಕಿ ನೋಡಿರುವುದಿಲ್ಲ!

ನನ್ನ ಮಟ್ಟಿಗೆ ಅರ್ಧ ನಿರ್ಧಾರವನ್ನು ನಿಮ್ಮ ಸ್ಟೀರಿಯೋನೇ ಮಾಡಿಬಿಟ್ಟಿರುತ್ತದೆ. ಉಳಿದರ್ಧ ನೀವು ಎಲ್ಲಿ ಓಡಿಸುತ್ತೀರಿ, ಯಾರ ಜೊತೆ ಓಡಿಸುತ್ತೀರಿ ಅನ್ನೋದರ ಮೇಲೆ ನಿಂತಿದೆ. ಬೆಲೆ ಅದಾದ ಮೇಲಿನ ಮಾತು.

ಮೊದಲು ಕಾರಿಗೆ ಹೋಗಿ ನೋಡಿ

ಕೈಯಲ್ಲಿ ಟಾರ್ಚ್ ಇರಲಿ. ಸ್ಟೀರಿಯೋದ ಮುಖದ ಮೇಲೆ ಹೆಡ್‌ಫೋನ್ ಪಿನ್ ಹೋಗುವಷ್ಟು ಸಣ್ಣ ತೂತು ಇದೆಯಾ? ಅದೇ ಆಕ್ಸ್. ಮುಂದೆ ಕಾಣದಿದ್ದರೆ ಗ್ಲವ್ ಬಾಕ್ಸ್ ಒಳಗೆ, ಹ್ಯಾಂಡ್‌ಬ್ರೇಕ್ ಪಕ್ಕದ ಗೂಡಿನೊಳಗೆ, ಗೇರ್‌ನ ಮುಂದಿನ ತಟ್ಟೆಯ ಹಿಂದೆ ಹುಡುಕಿ. ವರ್ಷಗಟ್ಟಲೆ ಕಾರು ಓಡಿಸಿದವರಿಗೂ ಅಲ್ಲೊಂದು ಸಾಕೆಟ್ ಇದೆ ಅಂತ ಗೊತ್ತಿರುವುದಿಲ್ಲ. ಆಮೇಲೆ ಯುಎಸ್‌ಬಿ ನೋಡಿ. ಅದು ಹಾಡು ಓದುವ ಯುಎಸ್‌ಬಿಯೋ, ಬರೀ ಚಾರ್ಜ್ ಮಾಡುವುದೋ ಅಂತ ತಿಳಿಯಲು ನಾಲ್ಕು ಹಾಡು ಹಾಕಿದ ಪೆನ್‌ಡ್ರೈವ್ ಚುಚ್ಚಿದರೆ ಸಾಕು.

ಬ್ಲೂಟೂತ್ ಗುರುತು ಇದ್ದರೂ ಪೂರ್ತಿ ನಂಬಬೇಡಿ. ಹತ್ತು ಹದಿನೈದು ವರ್ಷ ಹಿಂದಿನ ಕೆಲವು ಕಾರುಗಳ ಬ್ಲೂಟೂತ್ ಫೋನ್ ಕರೆಗೆ ಮಾತ್ರ. ಹಾಡು ಹೋಗಬೇಕಾದರೆ ಎ2ಡಿಪಿ ಅನ್ನುವ ಬೇರೆ ಸೌಲಭ್ಯ ಬೇಕು. ಅದಿಲ್ಲದಿದ್ದರೆ ಫೋನ್ ಜೋಡಿಯಾಗುತ್ತದೆ, ಕರೆ ಬರುತ್ತದೆ, ಹಾಡು ಮಾತ್ರ ಫೋನಿನಲ್ಲೇ ಉಳಿಯುತ್ತದೆ.

ಇನ್ನೂ ಒಂದು ಪರೀಕ್ಷೆ. ರೇಡಿಯೋ ಹಾಕಿ, ಬ್ಯಾಲೆನ್ಸ್ ಎಡಕ್ಕೆ ಬಲಕ್ಕೆ ತಿರುಗಿಸಿ, ಒಂದೊಂದೇ ಸ್ಪೀಕರ್ ಕೇಳಿ. ಪರ ಪರ ಅನ್ನುತ್ತಿದ್ದರೆ ಕೋನ್ ಹರಿದಿದೆ ಅಥವಾ ಅದರ ಸುತ್ತಲಿನ ಅಂಚು ಪುಡಿಯಾಗಿದೆ. ಆಗ ಮೊದಲ ದುಡ್ಡು ಸ್ಪೀಕರ್‌ಗೆ ಹೋಗಬೇಕು. ಹರಿದ ಸ್ಪೀಕರಿಗೆ ಎಂಥ ಬ್ಲೂಟೂತ್ ಹಾಕಿದರೂ ಅಷ್ಟೇ.

ಇಷ್ಟು ನೋಡಿಕೊಂಡ ಮೇಲೆ ಈ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಓಡಾಟ ಜಾಸ್ತಿ ಊರೊಳಗೋ, ಹೈವೇಯಲ್ಲೋ? ಹಾಡು ಮಾತ್ರ ಸಾಕೋ, ಮ್ಯಾಪಿನ ದನಿ, ಫೋನ್ ಕರೆಯೂ ಸ್ಪೀಕರಿನಲ್ಲೇ ಬರಬೇಕೋ? ಕಾರನ್ನು ಮನೆಯಲ್ಲಿ ಎಷ್ಟು ಜನ ಓಡಿಸುತ್ತಾರೆ? ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಮುಂದಿನ ವರ್ಷ ಮಾರುವ ಕಾರಿಗೆ ಹತ್ತು ಸಾವಿರ ಸುರಿಯುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಆಕ್ಸ್ ಇದ್ದರೆ ಅರ್ಧ ಕೆಲಸ ಮುಗಿಯಿತು

ನೂರರಿಂದ ಮುನ್ನೂರು ರೂಪಾಯಿಯ ಕೇಬಲ್. ಒಂದು ತುದಿ ಫೋನಿಗೆ, ಇನ್ನೊಂದು ಸ್ಟೀರಿಯೋಗೆ. ನಡುವೆ ರೇಡಿಯೋ ತರಂಗ ಇಲ್ಲ, ಜೋಡಿಸುವ ಗೋಜಿಲ್ಲ, ಸದ್ದು ತಡವಾಗಿ ಬರುವುದೂ ಇಲ್ಲ. ಈ ಬೆಲೆಗೆ ಇದಕ್ಕಿಂತ ಒಳ್ಳೆಯ ಸದ್ದು ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಸ್ವಲ್ಪ ಮೇಲಿಟ್ಟು, ಉಳಿದದ್ದನ್ನು ಕಾರಿನ ಗುಂಡಿಯಲ್ಲಿ ಏರಿಸಿ. ಫೋನ್ ತೀರಾ ಕೆಳಗಿಟ್ಟು ಕಾರಿನದನ್ನು ಏರಿಸಿದರೆ ಹಿನ್ನೆಲೆಯ ಸುಯ್ ಸದ್ದೂ ಜೊತೆಗೇ ಏರುತ್ತದೆ.

ತೊಂದರೆ ಇರುವುದು ಈಗಿನ ಫೋನುಗಳಲ್ಲಿ. 2016ರಲ್ಲಿ ಐಫೋನ್ 7 ಹೆಡ್‌ಫೋನ್ ತೂತು ಬಿಟ್ಟಿತು, ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಈಗ ಟೈಪ್-ಸಿಯಿಂದ ಆಕ್ಸ್‌ಗೆ ಹೋಗುವ ಪುಟ್ಟ ಅಡಾಪ್ಟರ್ ಬೇಕು. ಇದರಲ್ಲಿ ಎರಡು ಜಾತಿ. ಒಂದರೊಳಗೆ ಡಿಜಿಟಲ್ ಹಾಡನ್ನು ಆಕ್ಸ್ ತಂತಿಯಲ್ಲಿ ಹೋಗುವ ಸಿಗ್ನಲ್ಲಾಗಿ ಬದಲಿಸುವ ಡ್ಯಾಕ್ ಚಿಪ್ ಇರುತ್ತದೆ, ಇನ್ನೊಂದರಲ್ಲಿ ಬರೀ ತಂತಿ. ಬರೀ ತಂತಿಯದು ಕೆಲವು ಫೋನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಡ್ಯಾಕ್ ಇರುವುದನ್ನೇ ಕೇಳಿ ತನ್ನಿ. ಹಳೇ ಐಪಾಡ್ ಅಥವಾ ಎಂಪಿ3 ಪ್ಲೇಯರ್ ಡ್ರಾಯರ್‌ನಲ್ಲಿ ಬಿದ್ದಿದ್ದರೆ ಅದನ್ನೇ ಕಾರಿಗೆ ಮೀಸಲಿಡಬಹುದು. ಅದಕ್ಕೆ ಕರೆ ಬರುವುದಿಲ್ಲ, ಜಾಹೀರಾತೂ ಬರುವುದಿಲ್ಲ.

ಇನ್ನೊಂದು ಕಾಟ ಸುಮಾರು ಜನರಿಗೆ ಬರುತ್ತದೆ. ಫೋನನ್ನು ಕಾರಿನ ಚಾರ್ಜರಿಗೂ ಹಾಕಿ, ಆಕ್ಸ್‌ಗೂ ಹಾಕಿದಾಗ ಹಾಡಿನ ಹಿಂದೆ ಒಂದು ಸಣ್ಣ 'ಕುಂಯ್' ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಇದಕ್ಕೆ ಕೇಬಲ್ ಬದಲಿಸಿ ಉಪಯೋಗವಿಲ್ಲ. ಚಾರ್ಜರ್ ಕಡೆಯಿಂದ ಒಂದು, ಆಕ್ಸ್ ತಂತಿಯ ಕಡೆಯಿಂದ ಇನ್ನೊಂದು, ಹೀಗೆ ಎರಡು ದಾರಿಯಲ್ಲಿ ಅರ್ಥಿಂಗ್ ಸೇರಿಕೊಂಡು ಎಂಜಿನ್ ಜೊತೆ ತಿರುಗಿ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನ ಗದ್ದಲ ಒಳಗೆ ನುಗ್ಗಿರುತ್ತದೆ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆರಳುದ್ದದ ಡಬ್ಬಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೋ ಆನ್‌ಲೈನ್‌ನಲ್ಲೋ ಇನ್ನೂರು ಮುನ್ನೂರು ರೂಪಾಯಿ. ಆಕ್ಸ್ ಕೇಬಲ್ಲಿನ ನಡುವೆ ಹಾಕಿದರೆ ಆಯಿತು.

ಆಕ್ಸ್‌ಗೆ ಬ್ಲೂಟೂತ್ ರಿಸೀವರ್

ತಂತಿ ಗೇರಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವವರಿಗೆ ಇದು. ಹೆಬ್ಬೆರಳಷ್ಟು ಡಬ್ಬಿಯನ್ನು ಆಕ್ಸ್ ತೂತಿಗೆ ಹಾಕಿದರೆ ಸ್ಟೀರಿಯೋಗೆ ಬ್ಲೂಟೂತ್ ಬಂತು. ಬೆಲೆ ಮುನ್ನೂರರಿಂದ ಸಾವಿರದೊಳಗೆ. ಆಕ್ಸ್ ಇರುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಬ್ಲೂಟೂತ್‌ನಲ್ಲಿ ಹಾಡು ಸ್ವಲ್ಪ ಹಿಂಡಿಕೊಂಡು ಹೋಗುತ್ತದೆ ನಿಜ. ಆದರೆ ಓಡುವ ಕಾರಿನಲ್ಲಿ ಟೈರಿನ ಸದ್ದು, ಗಾಳಿ, ಪಕ್ಕದ ಬಸ್ಸಿನ ಹಾರ್ನ್ ಇಷ್ಟರ ನಡುವೆ ಆ ವ್ಯತ್ಯಾಸ ಕೇಳಿಸಿತು ಅನ್ನುವವರ ಕಿವಿಗೆ ನನ್ನ ನಮಸ್ಕಾರ. ನಿಜವಾದ ಕಿರಿಕಿರಿ ಬೇರೆ. ಅಗ್ಗದ ರಿಸೀವರ್‌ಗಳು ಸದ್ದಿಲ್ಲದಾಗ ಮಲಗಿಬಿಡುತ್ತವೆ, ಮ್ಯಾಪ್ ಮಾತಾಡಲು ಶುರು ಮಾಡಿದಾಗ ಎಚ್ಚರವಾಗುತ್ತವೆ. ಅಷ್ಟರಲ್ಲಿ ಮೊದಲ ಪದ ನುಂಗಿಹೋಗಿರುತ್ತದೆ. ಎಡಕ್ಕೋ ಬಲಕ್ಕೋ ಗೊತ್ತಾಗದೆ 'ತಿರುಗಿ' ಅನ್ನೋದಷ್ಟೇ ಕೇಳಿಸುತ್ತದೆ.

ಬ್ಯಾಟರಿ ಇರುವುದೋ, ಯುಎಸ್‌ಬಿಯಿಂದ ಸದಾ ಕರೆಂಟ್ ತೆಗೆದುಕೊಳ್ಳುವುದೋ? ಬ್ಯಾಟರಿಯದು ಸ್ವಚ್ಛ ಸದ್ದು ಕೊಡುತ್ತದೆ, ಆದರೆ ಆಗಾಗ ಚಾರ್ಜ್ ಮಾಡಬೇಕು. ಮರೆತರೆ ಟ್ರಾಫಿಕ್ಕಿನ ನಡುವೆ ಕೈಕೊಡುತ್ತದೆ. ಯುಎಸ್‌ಬಿಯದಕ್ಕೆ ಮರೆವಿನ ಚಿಂತೆ ಇಲ್ಲ, ಆದರೆ ಮೇಲೆ ಹೇಳಿದ 'ಕುಂಯ್' ಬರಬಹುದು. ದಿನಾ ಓಡಿಸುವವರಿಗೆ ಯುಎಸ್‌ಬಿಯದೇ ವಾಸಿ. ಸದ್ದು ಬಂದರೆ ಐಸೊಲೇಟರ್ ಹಾಕಿಕೊಳ್ಳಿ.

ಪೆನ್‌ಡ್ರೈವ್: ಹಳೇದು, ಆದರೂ ಗಟ್ಟಿ

ಇದನ್ನು ಈಗ ಯಾರೂ ಹೊಗಳುವುದಿಲ್ಲ. ಆದರೆ ಮನೆಯಲ್ಲಿ ಮೂರು ಜನ ಒಂದೇ ಕಾರು ಓಡಿಸುತ್ತಿದ್ದರೆ, ಅಪ್ಪನಿಗೆ ಬ್ಲೂಟೂತ್ ಅಂದರೆ ಸಿಟ್ಟು ಬರುತ್ತಿದ್ದರೆ, ಇದಕ್ಕಿಂತ ಸಲೀಸು ಬೇರೆ ಇಲ್ಲ. ಕೀಲಿ ತಿರುಗಿಸಿದ ಕೂಡಲೇ ನಿನ್ನೆ ನಿಂತ ಜಾಗದಿಂದಲೇ ಹಾಡು ಶುರು. ನೆಟ್‌ವರ್ಕ್ ಬೇಡ. ಶಿರಾಡಿ ಘಾಟಿಯ ಕಾಡಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಆ್ಯಪ್ ನಂಬಿಕೊಂಡವರ ಹಾಡು ನಿಲ್ಲುತ್ತದೆ, ಪೆನ್‌ಡ್ರೈವಿನವರದು ನಿಲ್ಲುವುದಿಲ್ಲ.

ಲೆಕ್ಕ ಸರಳ. ಕೆಬಿಪಿಎಸ್ ಅಂದರೆ ಹಾಡಿನ ಒಂದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಮಾಹಿತಿ ಅನ್ನೋದು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. ಐದು ನಿಮಿಷದ ಹಾಡಿಗೆ 5 ಎಂಬಿ. 16 ಜಿಬಿಯಲ್ಲಿ ಸುಮಾರು ಮೂರು ಸಾವಿರ ಹಾಡು. 320 ಕೆಬಿಪಿಎಸ್ ಆದರೆ ಜಾಗ ಎರಡೂವರೆ ಪಟ್ಟು ಬೇಕು, ಆದರೂ ಸಾವಿರದ ಮೇಲೆ ಹಿಡಿಯುತ್ತದೆ.

'ಪೆನ್‌ಡ್ರೈವ್ ಓದುತ್ತಿಲ್ಲ' ಅನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಫಾರ್ಮ್ಯಾಟ್, ಅಂದರೆ ಪೆನ್‌ಡ್ರೈವ್ ಕಡತಗಳನ್ನು ಜೋಡಿಸಿಡುವ ರೀತಿ. ಹಳೇ ಸ್ಟೀರಿಯೋಗಳಿಗೆ ಫ್ಯಾಟ್32 ಮಾತ್ರ ಗೊತ್ತು. 64 ಜಿಬಿಯ ಪೆನ್‌ಡ್ರೈವ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತದೆ, ಸ್ಟೀರಿಯೋ ಅದನ್ನು ಖಾಲಿ ಅಂತಲೇ ತಿಳಿಯುತ್ತದೆ. 16 ಅಥವಾ 32 ಜಿಬಿ ತಂದು, ಕಂಪ್ಯೂಟರಿನಲ್ಲಿ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಂಪಿ3 ಕಡತ ಹಾಕಿ. ಎಂ4ಎ, ಫ್ಲ್ಯಾಕ್ ಥರದ ಬೇರೆ ಬಗೆಯ ಹಾಡಿನ ಕಡತ ಹಾಕಿದರೆ ಕೆಲವು ಸೆಟ್ ಬಿಟ್ಟುಬಿಟ್ಟು ಮುಂದೆ ಹೋಗುತ್ತವೆ. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಹಳೇ ಡಿಸ್‌ಪ್ಲೇಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೋ ಚೌಕವೋ ಕಾಣುತ್ತದೆ. ಫೋಲ್ಡರಿಗೆ 01, 02 ಅಂತ ಅಂಕಿ ಕೊಟ್ಟು, ಒಂದು ಭಾವಗೀತೆಗೆ, ಒಂದು ಸಿನಿಮಾಗೆ, ಒಂದು ಬೆಳಗಿನ ಸ್ತೋತ್ರಕ್ಕೆ ಮೀಸಲಿಟ್ಟರೆ ರಸ್ತೆಯಿಂದ ಕಣ್ಣು ತೆಗೆಯದೆ ಬದಲಿಸಬಹುದು.

ಇದರ ಕೊರತೆಯೂ ಸ್ಪಷ್ಟ. ಆ್ಯಪ್‌ನಲ್ಲಿ 'ಡೌನ್‌ಲೋಡ್' ಮಾಡಿದ ಹಾಡನ್ನು ಪೆನ್‌ಡ್ರೈವಿಗೆ ಹಾಕಲಾಗುವುದಿಲ್ಲ, ಅದು ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡಿರುತ್ತದೆ. ಪಾಡ್‌ಕಾಸ್ಟ್ ಕೇಳುವವರಿಗೆ ಇದು ಆಗಿಬರುವುದಿಲ್ಲ. ಮ್ಯಾಪಿನ ದನಿಯೂ ಸ್ಪೀಕರಿಗೆ ಬರುವುದಿಲ್ಲ.

ಎಫ್‌ಎಂ ಟ್ರಾನ್ಸ್‌ಮಿಟರ್: ಊರು ನೋಡಿ ಕೊಳ್ಳಿ

ಆಕ್ಸ್ ಇಲ್ಲ, ಯುಎಸ್‌ಬಿ ಇಲ್ಲ, ಬರೀ ರೇಡಿಯೋ ಇದೆ. ಅಂಥವರಿಗೆ ಅಂಗಡಿಯವರು ಮೊದಲು ತೋರಿಸುವುದು ಇದನ್ನೇ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುತ್ತೀರಿ, ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುತ್ತೀರಿ, ಅದು ನಿಮ್ಮ ಕಾರಿನೊಳಗೆ ಒಂದು ಪುಟಾಣಿ ರೇಡಿಯೋ ಸ್ಟೇಷನ್ ನಡೆಸುತ್ತದೆ. ನಾಲ್ಕು ನೂರರಿಂದ ಸಾವಿರದ ಐನೂರರವರೆಗೆ ಬೆಲೆ. ಜೊತೆಗೆ ಚಾರ್ಜಿಂಗ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಕರೆಗೆ ಮೈಕ್ ಎಲ್ಲ ಇರುತ್ತದೆ. ಮೈಕ್ ಗೇರಿನ ಹತ್ತಿರ ಕೆಳಗೆಲ್ಲೋ ಕೂತಿರುವುದರಿಂದ ಆ ಕಡೆಯವರು 'ಏನು? ಏನು?' ಅನ್ನುತ್ತಲೇ ಇರುತ್ತಾರೆ.

ಇದರ ಗುಣ ಪೂರ್ತಿ ನಿಂತಿರುವುದು ಖಾಲಿ ತರಂಗಾಂತರದ ಮೇಲೆ. ನಮ್ಮಲ್ಲಿ ಎಫ್‌ಎಂ 87.5ರಿಂದ 108 ಮೆಗಾಹರ್ಟ್ಸ್‌ವರೆಗೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾಗಿದ್ದೇ ಬೆಂಗಳೂರಿನಲ್ಲಿ. ಈಗ 91.1, 92.7, 93.5, 98.3, ಆಕಾಶವಾಣಿಯ 101.3, 102.9, ಆಮೇಲೆ 104, ಹೀಗೆ ಸಾಲಾಗಿ ಕೂತಿವೆ. ಸಮುದಾಯ ರೇಡಿಯೋಗಳು 90.4ರ ಆಸುಪಾಸಿನಲ್ಲಿವೆ. ನಿಮ್ಮ ಡಬ್ಬಿಯ ಶಕ್ತಿ ಕೆಲವು ಮೀಟರ್ ದೂರಕ್ಕೆ ಸಾಕಾಗುವಷ್ಟು. ಗೋಪುರದ ಮೇಲಿಂದ ಕಿಲೋವ್ಯಾಟ್‌ಗಟ್ಟಲೆ ಸುರಿಯುವ ಸ್ಟೇಷನ್ ಎದುರು ಅದರ ಆಟ ನಡೆಯುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ನಿಮ್ಮ ಹಾಡಿನ ನಡುವೆ ಯಾವುದೋ ಚಿನ್ನದಂಗಡಿಯ ಜಾಹೀರಾತು ನುಗ್ಗುವುದು ಹೀಗೆ.

ಸೆಟ್ ಮಾಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಟ್ರಾನ್ಸ್‌ಮಿಟರ್ ತೆಗೆದಿಟ್ಟು, ಬರೀ ರೇಡಿಯೋದಲ್ಲಿ 87.5ರಿಂದ ಒಂದೊಂದೇ ಹೆಜ್ಜೆ ಮೇಲೆ ಹೋಗಿ. ಬರೀ ಸುಯ್ ಅನ್ನುವ ಜಾಗ ಬೇಕು. ಅದರ ಎರಡೂ ಪಕ್ಕದ ಎರಡೆರಡು ಹೆಜ್ಜೆಯೂ ಖಾಲಿ ಇರಲಿ. ಹೆಚ್ಚಿನ ಕಡೆ 87.5ರಿಂದ 89ರೊಳಗೆ ಸಿಗುತ್ತದೆ. ಅದನ್ನು ಒಂದನೇ ಗುಂಡಿಗೆ ಹಾಕಿಡಿ, ಇನ್ನೊಂದು ಖಾಲಿ ಜಾಗವನ್ನು ಎರಡನೇ ಗುಂಡಿಗೆ. ಬೆಂಗಳೂರಿನಿಂದ ಮಂಗಳೂರಿಗೆ ಹೊರಟರೆ ಹಾಸನದ 102.2, ಮಂಗಳೂರಿನ 100.3 ಹತ್ತಿರ ಹೋಗಬೇಡಿ. ಮೈಸೂರಾದರೆ 100.6, ಮಡಿಕೇರಿಯಾದರೆ 103.1. ಕೆಳಗಿನ ತುದಿಯಲ್ಲೇ ಇದ್ದರೆ ಊರೂರಿಗೆ ಬದಲಿಸುವ ಕೆಲಸ ತಪ್ಪುತ್ತದೆ.

ಆಂಟೆನಾ ಡಿಕ್ಕಿಯ ಕಡೆ ಅಥವಾ ಹಿಂದಿನ ಗಾಜಿನಲ್ಲಿದ್ದರೆ ಡ್ಯಾಶ್‌ಬೋರ್ಡಿನ ಡಬ್ಬಿಗೂ ಅದಕ್ಕೂ ದೂರ ಜಾಸ್ತಿ. ಕಡ್ಡಿ ಆಂಟೆನಾ ಆದರೆ ತಿರುಗಿಸಿ ಬಿಚ್ಚಿ ನೋಡಿ. ದೂರದ ಸ್ಟೇಷನ್‌ಗಳು ಮಂಕಾಗುತ್ತವೆ, ನಿಮ್ಮದು ಗೆಲ್ಲಬಹುದು. ಪಕ್ಕದಲ್ಲಿ ಅಗ್ಗದ ಚಾರ್ಜರೋ ಡ್ಯಾಶ್‌ಕ್ಯಾಮೋ ಇದ್ದರೆ ಅದನ್ನೂ ಒಮ್ಮೆ ಕಿತ್ತು ನೋಡಿ, ಎಫ್‌ಎಂ ಮೇಲೆ ಗರಗರ ಎಸೆಯುವುದು ಕೆಲವೊಮ್ಮೆ ಅದೇ.

ಎಲ್ಲ ಸರಿ ಮಾಡಿದರೂ ಎಫ್‌ಎಂಗೆ ಒಂದು ಮಿತಿ ಇದೆ. 15 ಕಿಲೋಹರ್ಟ್ಸ್ ಮೇಲಿನ ಸದ್ದು ಅದರಲ್ಲಿ ಹೋಗುವುದೇ ಇಲ್ಲ. ಗೆಜ್ಜೆ, ತಾಳದ ಆ ಮಿನುಗು ಸ್ವಲ್ಪ ಮಾಸುತ್ತದೆ. ಮಾತು, ಹರಿಕಥೆ, ಪಾಡ್‌ಕಾಸ್ಟ್‌ಗೆ ಏನೂ ಅಡ್ಡಿಯಿಲ್ಲ. ಇನ್ನೊಂದು ಮಾತು: ಡಬ್ಬಿಯನ್ನು ಕೀಳುವ ಮೊದಲು ಕಾರಿನ ವಾಲ್ಯೂಮ್ ಇಳಿಸಿ. ಇಲ್ಲದಿದ್ದರೆ ಖಾಲಿ ರೇಡಿಯೋದ 'ಭುಸ್' ಹಿಂದಿನ ಸೀಟಿನ ಮಗುವನ್ನು ಎಬ್ಬಿಸಿಬಿಡುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಮಾತು. ಅಲ್ಲಿನ ಕಾರಿನ ರೇಡಿಯೋಗಳು ಸಾಮಾನ್ಯವಾಗಿ 88.1, 88.3 ಹೀಗೆ ಬೆಸ ಅಂಕಿಗೇ ನಿಲ್ಲುತ್ತವೆ. ಇಲ್ಲಿಂದ ಒಯ್ದ ಡಬ್ಬಿಯನ್ನು 88.2ಕ್ಕೆ ಇಟ್ಟು ಕೆಟ್ಟುಹೋಗಿದೆ ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಂತೂ 2006ರ ಡಿಸೆಂಬರ್‌ವರೆಗೆ ಇಂಥ ಡಬ್ಬಿ ಬಳಸುವುದೇ ಕಾನೂನುಬಾಹಿರವಾಗಿತ್ತು. ಈಗ 50 ನ್ಯಾನೋವ್ಯಾಟ್ ಒಳಗಿದ್ದರೆ ಒಪ್ಪುತ್ತಾರೆ.

ಕ್ಯಾಸೆಟ್, ಸಿಡಿ, ಮತ್ತೆ ಡ್ಯಾಶ್‌ಬೋರ್ಡ್ ಮೇಲಿನ ಸ್ಪೀಕರ್

ಹಳೇ ಜೆನ್, ಸ್ಯಾಂಟ್ರೋಗಳಲ್ಲಿ ಕ್ಯಾಸೆಟ್ ಡೆಕ್ ಇನ್ನೂ ಜೀವಂತ ಇದ್ದರೆ ಕ್ಯಾಸೆಟ್ ಅಡಾಪ್ಟರ್ ಹುಡುಕಿ. ಕ್ಯಾಸೆಟ್ ಆಕಾರದ ಡಬ್ಬಿ, ಅದರಿಂದ ಒಂದು ತಂತಿ. ಟೇಪಿನ ಬದಲು ಒಂದು ಪುಟ್ಟ ಹೆಡ್ ಡೆಕ್ಕಿನ ಹೆಡ್ಡಿಗೆ ಮುಖಾಮುಖಿ ನಿಂತು ಹಾಡು ದಾಟಿಸುತ್ತದೆ. ಊರೊಳಗೆ ಎಫ್‌ಎಂ ಟ್ರಾನ್ಸ್‌ಮಿಟರಿಗಿಂತ ಇದೇ ಚೆನ್ನ, ಯಾವ ಸ್ಟೇಷನ್ನೂ ನುಗ್ಗುವುದಿಲ್ಲ. ಒಳಗಿನ ಹಲ್ಲುಚಕ್ರದ ಕಟಕಟ ಮಾತ್ರ ಸಹಿಸಬೇಕು. ಆಟೋ ರಿವರ್ಸ್ ಡೆಕ್ ಕೆಲವೊಮ್ಮೆ ಟೇಪ್ ಮುಗಿಯಿತು ಅಂದುಕೊಂಡು ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಡೆಕ್ಕಿನ ಬೆಲ್ಟ್ ಸಡಿಲವಾಗಿದ್ದರೆ ಈ ಆಸೆ ಬಿಡಿ.

ಸಿಡಿ ಪ್ಲೇಯರ್ ಎಂಪಿ3 ಓದುವುದಾದರೆ 700 ಎಂಬಿಯ ಒಂದು ಸಿಡಿಗೆ ನೂರಕ್ಕೂ ಹೆಚ್ಚು ಹಾಡು ಹಿಡಿಯುತ್ತದೆ. ಬರೆಯಲು ಡ್ರೈವ್ ಇರುವ ಕಂಪ್ಯೂಟರ್ ಸಿಕ್ಕಿದರೆ ಸರಿ.

ಡ್ಯಾಶ್‌ಬೋರ್ಡ್ ಮೇಲೆ ಬ್ಲೂಟೂತ್ ಸ್ಪೀಕರ್ ಇಡುವುದು ನನಗೆ ಇಷ್ಟವಿಲ್ಲ. ತಿರುವಿನಲ್ಲಿ ಉರುಳುತ್ತದೆ, ಬ್ರೇಕ್ ಹಾಕಿದರೆ ಪೆಡಲ್ ಕೆಳಗೆ ಹೋಗುತ್ತದೆ. ಮೇ ತಿಂಗಳ ರಾಯಚೂರು, ಕಲಬುರಗಿ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬ್ಯಾಟರಿ ಇಟ್ಟು ಹೋಗುವುದೂ ಒಳ್ಳೆಯದಲ್ಲ.

ಸ್ಟೀರಿಯೋನೇ ಬದಲಿಸುವುದಾದರೆ

ಇನ್ನೂ ಮೂರು ನಾಲ್ಕು ವರ್ಷ ಕಾರು ಇಟ್ಟುಕೊಳ್ಳುವವರು, ಆಕ್ಸ್ ಇಲ್ಲದವರು ಇದನ್ನು ಯೋಚಿಸಲೇಬೇಕು. ಬ್ಲೂಟೂತ್, ಯುಎಸ್‌ಬಿ, ಆಕ್ಸ್ ಮೂರೂ ಇರುವ ಸಾದಾ ಸಿಂಗಲ್ ಡಿನ್ ಸೆಟ್ (ಡಿನ್ ಅಂದರೆ ಸ್ಟೀರಿಯೋ ಕೂರುವ ಗೂಡಿನ ಅಳತೆ) ಎರಡು ಸಾವಿರದ ಆಸುಪಾಸಿನಿಂದ ಶುರುವಾಗುತ್ತದೆ. ಹೆಸರಾಂತ ಕಂಪನಿಯದಾದರೆ ಇನ್ನಷ್ಟು. ಒಳ್ಳೆಯ ಟ್ರಾನ್ಸ್‌ಮಿಟರಿಗೆ ಕೊಡುವ ದುಡ್ಡಿಗೆ ಇನ್ನೊಂದು ಸಾವಿರ ಸೇರಿಸಿದರೆ ಇಲ್ಲಿಗೆ ಬಂದುಬಿಡುತ್ತೀರಿ. ಸುಮ್ನೆ ಎರಡು ಸಲ ಟ್ರಾನ್ಸ್‌ಮಿಟರ್ ಬದಲಿಸುವವರು ಈ ಲೆಕ್ಕ ಹಾಕುವುದಿಲ್ಲ.

ಅಳತೆ ಮೊದಲು. ಸಿಂಗಲ್ ಡಿನ್ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಅದೇ ಅಗಲ, 100 ಮಿ.ಮೀ. ಎತ್ತರ. ಕೆಲವು ಟೊಯೊಟಾಗಳಲ್ಲಿ ಅಗಲ 200 ಮಿ.ಮೀ. ಸ್ವಿಫ್ಟ್‌ನಂತೆ ಸ್ಟೀರಿಯೋ ಡ್ಯಾಶ್‌ಬೋರ್ಡಿನ ಆಕಾರದಲ್ಲೇ ಬೆಸೆದು ಬಂದಿದ್ದರೆ ಆ ಮಾಡೆಲ್‌ಗೆ ಹೊಂದುವ ಫ್ರೇಮ್ ಬೇರೆ ಕೊಳ್ಳಬೇಕು. ಸ್ಟೀರಿಂಗ್ ಮೇಲಿನ ಗುಂಡಿಗಳು ಹೊಸ ಸೆಟ್‌ನಲ್ಲೂ ಕೆಲಸ ಮಾಡುತ್ತವಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ಡಬ್ಬದ ಮೇಲೆ '4×50 ವ್ಯಾಟ್' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹನ್ನೆರಡು ವೋಲ್ಟಿನ ಮಾಮೂಲಿ ಸೆಟ್ ಸತತವಾಗಿ ಕೊಡುವುದು ಒಂದು ಸ್ಪೀಕರಿಗೆ 15ರಿಂದ 20 ವ್ಯಾಟ್. ಆ ಅಂಕಿ ನೋಡಿ ಸೆಟ್ ಆರಿಸಬೇಡಿ.

ದೊಡ್ಡ ತೆರೆಯ ಆಂಡ್ರಾಯ್ಡ್ ಸೆಟ್ ಏಳೆಂಟು ಸಾವಿರದಿಂದ ಮೇಲೆ. ಹಿಂದಿನ ಕ್ಯಾಮೆರಾ ಬೇಕು, ಮ್ಯಾಪ್ ದೊಡ್ಡದಾಗಿ ಕಾಣಬೇಕು ಅನ್ನುವವರಿಗೆ ಮಾತ್ರ ಇದು. ಹಾಡಿಗಷ್ಟೇ ಆದರೆ ದುಡ್ಡು ದಂಡ. ಅಗ್ಗದ ಸೆಟ್‌ಗಳು ಆನ್ ಆಗಲು ತಿಣುಕುತ್ತವೆ. ವಾಲ್ಯೂಮಿಗೆ ತಿರುಗಿಸುವ ಗುಂಡಿಯೇ ಇಲ್ಲದ ಸೆಟ್ಟನ್ನು ಘಾಟಿಯ ತಿರುವಿನಲ್ಲಿ ನಿಭಾಯಿಸುವುದು ಕಷ್ಟ. ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿದು ಹಾಡು ಬದಲಿಸುವುದಂತೂ ಬೇಡ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದೆ.

ಯಾರಿಗೆ ಯಾವುದು

ಆಕ್ಸ್ ಇದೆ, ಬಜೆಟ್ ಐನೂರು: ಬ್ಲೂಟೂತ್ ರಿಸೀವರ್. ಒಬ್ಬರೇ ಓಡಿಸುವುದು, ಸದ್ದಿನ ಮೇಲೆ ಆಸೆ ಜಾಸ್ತಿ ಅಂದರೆ ಆಕ್ಸ್ ಕೇಬಲ್ಲೇ ಇರಲಿ. ಯುಎಸ್‌ಬಿ ಮಾತ್ರ ಇದೆ, ಮನೆಮಂದಿಯೆಲ್ಲ ಓಡಿಸುತ್ತಾರೆ: ಪೆನ್‌ಡ್ರೈವ್, ಮ್ಯಾಪ್ ಮಾತ್ರ ಫೋನಿನ ದನಿಯಲ್ಲೇ ಕೇಳಿಕೊಳ್ಳಿ. ಏನೂ ಇಲ್ಲ, ಓಡಾಟ ಚಿಕ್ಕ ಊರು ಮತ್ತು ಹೈವೇ: ಎಫ್‌ಎಂ ಟ್ರಾನ್ಸ್‌ಮಿಟರ್ ಸಾಕು. ಬಾಡಿಗೆ ಕಾರು, ಆಗಾಗ ಬದಲಾಗುವ ಕಾರು ಅನ್ನುವವರಿಗೂ ಅದೇ, ಜೇಬಿನಲ್ಲಿಟ್ಟು ಒಯ್ಯಬಹುದು. ಏನೂ ಇಲ್ಲ, ದಿನಾ ಬೆಂಗಳೂರಿನ ಟ್ರಾಫಿಕ್: ಟ್ರಾನ್ಸ್‌ಮಿಟರ್ ಬೇಡ, ಸಿಂಗಲ್ ಡಿನ್ ಹಾಕಿಸಿ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಕಂಪನಿ ತಂತಿಗಳನ್ನು ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ, ಕತ್ತರಿಸದೆ ನೇರ ಸಿಕ್ಕಿಸುವ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ತರಿಸಿ. ವಾರಂಟಿ ಇರುವ ಕಾರಿಗಂತೂ ಇದು ಕಡ್ಡಾಯ. ಹೊಸ ಸೆಟ್‌ನ ಹಳದಿ ತಂತಿ ಬ್ಯಾಟರಿಯ ನೇರ ಕರೆಂಟಿಗೆ, ಕೆಂಪು ಕೀಲಿ ತಿರುಗಿಸಿದಾಗ ಬರುವ ಕರೆಂಟಿಗೆ, ಕಪ್ಪು ಅರ್ಥಿಂಗ್‌ಗೆ. ಹಳದಿ, ಕೆಂಪು ಅದಲುಬದಲಾದರೆ ಪ್ರತಿ ಸಲ ಕಾರು ನಿಲ್ಲಿಸಿದಾಗಲೂ ಸ್ಟೇಷನ್, ಗಡಿಯಾರ ಎಲ್ಲ ಅಳಿಸಿಹೋಗುತ್ತದೆ. ಎರಡನ್ನೂ ನೇರ ಕರೆಂಟಿಗೇ ಕೊಟ್ಟರೆ ಕೀಲಿ ತೆಗೆದರೂ ಸೆಟ್ ಆರುವುದಿಲ್ಲ, ಮರೆತು ಹೋದರೆ ಬೆಳಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಅಂಗಡಿ ಬಿಡುವ ಮೊದಲು ಎರಡು ಸ್ಟೇಷನ್ ಸೇವ್ ಮಾಡಿ, ಕೀಲಿ ತೆಗೆದು, ಮತ್ತೆ ಹಾಕಿ ನೋಡಿ. ನಾಲ್ಕೂ ಸ್ಪೀಕರ್ ಒಂದೊಂದಾಗಿ ಕೇಳಿ. ಆಮೇಲೆ ದುಡ್ಡು ಕೊಡಿ.